‘ಕಟ್ಟು’ ಅಂದ ಕಡೆಯೆಲ್ಲ ‘ತತೆರು’ ಬರಲ್ಲ: ಜಪಾನೀಸ್ ಕಲಿಯುವ ಕನ್ನಡಿಗರಿಗೆ

ಜಪಾನೀಸ್ ಕಲಿಯಲು ಶುರು ಮಾಡಿ ಆರೇಳು ತಿಂಗಳಾದವರು ನನ್ನನ್ನು ಕೇಳುವುದು ಹೆಚ್ಚೂಕಮ್ಮಿ ಒಂದೇ ಪ್ರಶ್ನೆ. ‘ಮನೆ ಕಟ್ಟು’ ಅನ್ನೋದಕ್ಕೆ ‘ತತೆರು’ ಅಂತ ಪಾಠದಲ್ಲಿದೆ. ಸೇತುವೆ ಕಟ್ಟು ಅಂದರೂ ತತೆರು ತಾನೆ? ಅಲ್ಲ. ಹಾಗಾದರೆ ‘ತತ್ಸು’ ಯಾವಾಗ, ‘ಕಿಝುಕು’ ಯಾವಾಗ, ‘ತ್ಸುಕುರು’ ಯಾವಾಗ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಎಲ್ಲ ಒಂದೇ ಕಡೆ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ನಿಮಗೆ ಗೊತ್ತಿರಬೇಕಾದದ್ದು ಸ್ವಲ್ಪವೇ. ಹಿರಗಾನ ಓದಲು ಬರಬೇಕು. ಕ್ರಿಯಾಪದದ ‘ಮಸು’ ರೂಪ, ‘ತೆ’ ರೂಪ ಪರಿಚಯ ಇರಬೇಕು. ‘ಒ’, ‘ಗ’, ‘ನಿ’, ‘ದೆ’ ಎಂಬ ಪ್ರತ್ಯಯಗಳು ನಮ್ಮ ವಿಭಕ್ತಿಗಳ ಹಾಗೆ ಪದದ ಬಾಲಕ್ಕೆ ಅಂಟುತ್ತವೆ ಅನ್ನೋದು ತಿಳಿದಿರಬೇಕು. ಜೊತೆಗೆ ಒಂದು ನೋಟ್‌ಬುಕ್. ಜಪಾನಿ ಪದಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್‌ನಲ್ಲಿ ಪಕ್ಕಕ್ಕೇ ಹಿರಗಾನದಲ್ಲಿ ಬರೆದುಕೊಳ್ಳಿ.

ಹಂತ 1: ಬಾಯಿಗೆ ಸರಿಯಾಗಿ ಕೂರಿಸಿಕೊಳ್ಳಿ

ಪದ ‘ತತೆರು’. ‘ತ’ ನಮ್ಮ ‘ತಟ್ಟೆ’ಯ ಮೊದಲ ಅಕ್ಷರದ್ದು, ಎರಡನೆಯದರದ್ದಲ್ಲ. ‘ತೆ’ ಹ್ರಸ್ವ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪುಸ್ತಕದಿಂದ ಕಲಿತವರು ‘ಟಟೇರು’ ಅಂತಾರೆ, ಅದೊಂದನ್ನು ಬಿಡಿ. ಎ ಮತ್ತು ಏ ಬೇರೆ ಬೇರೆ ಅಂತ ಗೊತ್ತಿರುವ ಭಾಷೆಯವರು ನಾವು, ಈ ತಪ್ಪು ಮಾಡಬಾರದು. ‘ತತೆಮಸು’ ಎನ್ನುವಾಗ ಕೊನೆಯ ‘ಉ’ ಹೆಚ್ಚಾಗಿ ಕೇಳಿಸುವುದೇ ಇಲ್ಲ, ‘ತತೆಮಸ್’ ಅಂದ ಹಾಗಿರುತ್ತದೆ.

ಹಂತ 2: ಮೂಲದಲ್ಲಿರುವ ಚಿತ್ರ ನೋಡಿ

ಇದೇ ಮುಖ್ಯ ಹಂತ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ‘ಕಟ್ಟು’ ಪದದ ಒಳಗಿರುವ ಚಿತ್ರ ಗಂಟು ಹಾಕುವುದು, ಬಿಗಿಯುವುದು, ಸೇರಿಸುವುದು. ಹಗ್ಗ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಪಂಚೆ ಕಟ್ಟುತ್ತೇವೆ. ಹಾಗೆಯೇ ಮನೆ, ಕೆರೆ, ಸೇತುವೆ, ಸಂಘ, ಕೊನೆಗೆ ಕತೆ, ಕಂತು, ಫೀಸು ಎಲ್ಲವನ್ನೂ ಕಟ್ಟುತ್ತೇವೆ. ‘ತತೆರು’ ಪದದ ಒಳಗಿರುವ ಚಿತ್ರವೇ ಬೇರೆ: ಮಲಗಿರುವುದನ್ನು ಎತ್ತಿ ನೆಟ್ಟಗೆ ನಿಲ್ಲಿಸುವುದು. ‘ಹಶಿರ ಒ ತತೆರು’ ಅಂದರೆ ಕಂಬ ನಿಲ್ಲಿಸು. ‘ಹತ ಒ ತತೆರು’ ಅಂದರೆ ಬಾವುಟ ನೆಡು. ಮನೆಗೆ ಬಂದಾಗಲೂ ಅದೇ ಕ್ರಿಯೆ, ಬರೆಯುವ ಕಾಂಜಿ ಮಾತ್ರ ಬೇರೆ. ಕಾಂಜಿ ಎಂದರೆ ಚೀನಾದಿಂದ ಬಂದ, ಅರ್ಥ ಹೊತ್ತ ಅಕ್ಷರ.

ಜಪಾನಿನ ಹಳೆಯ ಮನೆ ಹೇಗೆ ಏಳುತ್ತದೆ ಅಂತ ನೋಡಿದರೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ನಮ್ಮಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂತು ಗೋಡೆ ನಿಧಾನಕ್ಕೆ ಮೇಲೆ ಬರುತ್ತದೆ. ಅಲ್ಲಿ ಕಂಬ, ತೊಲೆಗಳನ್ನು ಮೊದಲೇ ಕೊರೆದು ಸಿದ್ಧ ಮಾಡಿಟ್ಟುಕೊಂಡು, ಒಂದು ದಿನ ಎಲ್ಲರೂ ಸೇರಿ ಎತ್ತಿ ನಿಲ್ಲಿಸುತ್ತಾರೆ. ಬೆಳಗ್ಗೆ ಬರೀ ತಳಪಾಯ ಇದ್ದ ಜಾಗದಲ್ಲಿ ಸಂಜೆಗೆ ಮನೆಯ ಎಲುಬುಗೂಡು ಪೂರ್ತಿ ನಿಂತಿರುತ್ತದೆ. ಆ ದಿನಕ್ಕೆ ‘ತತೆಮಾಎ’ ಅಂತಲೇ ಹೆಸರು. ಮೇಲಿನ ತೊಲೆ ಕೂತ ಮೇಲೆ ಪೂಜೆ. ಕೆಲವು ಊರುಗಳಲ್ಲಿ ಮೇಲಿನಿಂದ ‘ಮೊಚಿ’, ಅಂದರೆ ಅಕ್ಕಿಯ ಉಂಡೆ, ಎಸೆಯುತ್ತಾರೆ. ಕೆಳಗೆ ನೆರೆಹೊರೆಯವರೆಲ್ಲ ಸೆರಗು, ಚೀಲ ಹಿಡಿದಂತೆ ಏನಾದರೊಂದು ಹಿಡಿದು ನಿಂತಿರುತ್ತಾರೆ.

ಹಾಗಾಗಿ ಬಾಯಿ ತೆರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ನೆಲದ ಮೇಲೆ ನೆಟ್ಟಗೆ ನಿಲ್ಲುತ್ತದಾ? ಮನೆ, ಶಾಲೆ, ದೇವಸ್ಥಾನ, ಗೋಪುರ, ಪ್ರತಿಮೆ, ಸ್ಮಾರಕ, ಸಮಾಧಿಯ ಕಲ್ಲು: ಇವೆಲ್ಲ ನಿಲ್ಲುತ್ತವೆ. ಇವಕ್ಕೆಲ್ಲ ತತೆರು ಧೈರ್ಯವಾಗಿ ಹಾಕಿ. ನಿಲ್ಲದಿದ್ದರೆ? ಅದು ಹಂತ 6ರಲ್ಲಿ.

ಹಂತ 3: ರೂಪಗಳನ್ನು ಉರು ಹೊಡೆಯಿರಿ

ಇದು ಎರಡನೇ ಗುಂಪಿನ ಕ್ರಿಯಾಪದ. ಅಂದರೆ ‘ರು’ ತೆಗೆದು ಬೇಕಾದ ಬಾಲ ಅಂಟಿಸಿದರೆ ಮುಗೀತು.

ತತೆಮಸು: ಕಟ್ಟುತ್ತೇನೆ, ಕಟ್ಟುತ್ತಾರೆ (ಗೌರವದ ರೂಪ)
ತತೆನೈ: ಕಟ್ಟುವುದಿಲ್ಲ
ತತೆತ: ಕಟ್ಟಿದೆ, ಕಟ್ಟಿದರು
ತತೆತೆ: ಕಟ್ಟಿ
ತತೆಯೋ: ಕಟ್ಟೋಣ
ತತೆರರೆರು: ಕಟ್ಟಲ್ಪಡು (ಕಟ್ಟಲು ಆಗುತ್ತದೆ ಅನ್ನೋದಕ್ಕೂ ಇದೇ)

‘ತತೆತೆ’ ಅನ್ನು ನಮ್ಮ ‘ಕಟ್ಟಿ’ ಅಂತಲೇ ತಿಳಿಯಿರಿ, ಅರ್ಧ ವ್ಯಾಕರಣ ತಾನಾಗಿ ಬರುತ್ತದೆ. ‘ಮಿರು’ ಅಂದರೆ ನೋಡು. ‘ಇಎ’ ಅಂದರೆ ಮನೆ. ‘ಇಎ ಒ ತತೆತೆ ಮಿರು’ ಅಂದರೆ? ಮನೆ ಕಟ್ಟಿ ನೋಡು! ಇಂಗ್ಲಿಷ್ ಮೂಲಕ ಕಲಿಯುವವರು ಈ ‘ತೆ ಮಿರು’ ರೂಪಕ್ಕೆ ಒಂದು ಪಾಠ ಪೂರ್ತಿ ಓದಬೇಕು. ನಮಗೆ ಗಾದೆಯೇ ಸಾಕು. ಮದುವೆಯ ಭಾಗವನ್ನು ನೀವೇ ಸೇರಿಸಿಕೊಳ್ಳಿ.

ಹಂತ 4: ತತೆರು, ತತ್ಸು ಜೋಡಿಯನ್ನು ಬೇರೆ ಮಾಡಿ

ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ. ತತೆರು ಸಕರ್ಮಕ: ಯಾರೋ ಕಟ್ಟುತ್ತಾರೆ. ತತ್ಸು ಅಕರ್ಮಕ: ಕಟ್ಟಡ ತಾನೇ ಏಳುತ್ತದೆ. ನಿಲ್ಲಿಸು–ನಿಲ್ಲು, ಎಬ್ಬಿಸು–ಏಳು ಇದ್ದ ಹಾಗೆ. ‘ಬಸ್‌ಸ್ಟಾಂಡ್ ಹಿಂದೆ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿದೆ’ ಅಂತೀವಲ್ಲ, ಆ ‘ಎದ್ದಿದೆ’ಯೇ ತತ್ಸು. ಯಾರು ಕಟ್ಟಿದರು ಅನ್ನುವ ಗೋಜಿಲ್ಲ.

ಎಕಿ ನೊ ಮಾಎ ನಿ ಮನ್ಶೊನ್ ಗ ತತ್ತ: ಸ್ಟೇಷನ್ ಎದುರು ಅಪಾರ್ಟ್‌ಮೆಂಟ್ ಎದ್ದಿತು.

(ಜಪಾನಿನಲ್ಲಿ ‘ಮನ್ಶೊನ್’ ಅಂದರೆ ಕಾಂಕ್ರೀಟಿನ ಅಪಾರ್ಟ್‌ಮೆಂಟ್ ಅಷ್ಟೇ. ಯಾರಾದರೂ ‘ನಾನು ಮನ್ಶೊನ್‌ನಲ್ಲಿದ್ದೇನೆ’ ಅಂದರೆ ಅರಮನೆ ಕಲ್ಪಿಸಿಕೊಳ್ಳಬೇಡಿ.)

ತತ್ಸು ಮೊದಲನೇ ಗುಂಪಿನದು, ಅದರ ರೂಪಗಳು ಬೇರೆ ದಾರಿ ಹಿಡಿಯುತ್ತವೆ: ತಚಿಮಸು, ತತನೈ, ತತ್ತ, ತತ್ತೆ. ‘ತತೆತ’ (ಕಟ್ಟಿದೆ) ಮತ್ತು ‘ತತ್ತ’ (ಎದ್ದಿತು) ಕಿವಿಗೆ ಹತ್ತಿರ ಇವೆ. ಒತ್ತಕ್ಷರ ಬಿಟ್ಟರೆ ಕೇಳುವವರು ತಬ್ಬಿಬ್ಬಾಗುತ್ತಾರೆ. ‘ಕತೆ’ ಮತ್ತು ‘ಕತ್ತೆ’ ಬೇರೆ ಅಂತ ಗೊತ್ತಿರುವ ನಮಗೆ ಇದೇನೂ ಕಷ್ಟ ಅಲ್ಲ, ಗಮನ ಬೇಕು ಅಷ್ಟೇ.

ಎಚ್ಚರಿಕೆ ಒಂದು. ‘ತೆ ಇರು’ ಅಂದರೆ ‘ಉತ್ತಾ ಇದೆ’ ಅಂತ ಬಾಯಿಪಾಠ ಮಾಡಿದವರು ಇಲ್ಲಿ ಮುಗ್ಗರಿಸುತ್ತಾರೆ.

ಇಎ ಒ ತತೆತೆ ಇರು: ಮನೆ ಕಟ್ಟುತ್ತಾ ಇದ್ದಾರೆ. ಕೆಲಸ ನಡೀತಿದೆ.
ಇಎ ಗ ತತ್ತೆ ಇರು: ಮನೆ ಇದೆ, ನಿಂತಿದೆ. ಕೆಲಸ ಯಾವತ್ತೋ ಮುಗಿದಿದೆ.

ಎರಡನೆಯದನ್ನು ‘ಮನೆ ಏಳುತ್ತಾ ಇದೆ’ ಅಂತ ಅರ್ಥ ಮಾಡಿಕೊಂಡರೆ ತಪ್ಪು. ಗುಡ್ಡದ ಮೇಲೆ ಇನ್ನೂರು ವರ್ಷದ ದೇವಸ್ಥಾನ ಇದೆ ಅನ್ನಲೂ ‘ತತ್ತೆ ಇರು’ ಅಂತಲೇ ಹೇಳುವುದು.

ಎಚ್ಚರಿಕೆ ಎರಡು. ಕನ್ನಡದ ‘ನಿಲ್ಲು’ಗೆ ಎರಡು ಕೆಲಸ: ನೆಟ್ಟಗೆ ನಿಲ್ಲುವುದು, ಓಡುತ್ತಿದ್ದದ್ದು ನಿಲ್ಲುವುದು. ತತ್ಸು ಮೊದಲನೆಯದಕ್ಕೆ ಮಾತ್ರ. ಬಸ್ ನಿಂತರೆ ‘ತೊಮರು’.

ಹಂತ 5: ಎಲ್ಲಿ ಕಟ್ಟಿದಿರಿ, ಯಾರು ಕಟ್ಟಿದ್ದು

‘ಎಲ್ಲಿ’ ಅನ್ನೋದಕ್ಕೆ ಜಪಾನೀಸ್‌ನಲ್ಲಿ ಎರಡು ಪ್ರತ್ಯಯ ಇವೆ. ಕೆಲಸ ನಡೆಯುವ ಜಾಗಕ್ಕೆ ‘ದೆ’. ವಸ್ತು ಇರುವ, ಬಂದು ನೆಲೆಸುವ ಜಾಗಕ್ಕೆ ‘ನಿ’. ನಮ್ಮಲ್ಲಿ ಎರಡಕ್ಕೂ ‘ಅಲ್ಲಿ’ಯೇ. ಕಟ್ಟುವುದು ಕೆಲಸ ತಾನೆ, ‘ದೆ’ ಹಾಕೋಣ ಅಂತ ಮನಸ್ಸು ಹೇಳುತ್ತದೆ. ಕೇಳಬೇಡಿ. ಕಟ್ಟಿದ ಮನೆ ಅಲ್ಲೇ ಉಳಿಯುತ್ತದೆ, ಆದ್ದರಿಂದ ‘ನಿ’ ಸಹಜ: ‘ಕ್ಯೋತೊ ನಿ ಇಎ ಒ ತತೆತ’, ಕ್ಯೋಟೊದಲ್ಲಿ ಮನೆ ಕಟ್ಟಿದೆ.

ಇನ್ನು ಕಟ್ಟು, ಕಟ್ಟಿಸು. ನಾವು ಗಾರೆಯವರ ಕೈಯಲ್ಲಿ ಮಾಡಿಸಿದರೆ ‘ಮನೆ ಕಟ್ಟಿಸಿದ್ವಿ’ ಅನ್ನುತ್ತೇವೆ. ರಾಜರೂ ಕೆರೆ ‘ಕಟ್ಟಿಸಿದರು’. ಇದೇ ಅಭ್ಯಾಸದಲ್ಲಿ ಜಪಾನೀಸ್‌ನಲ್ಲೂ ‘ಇಸು’ ರೂಪ ಹುಡುಕಿ ‘ತತೆಸಸೆತ’ ಅಂದುಬಿಡುತ್ತಾರೆ. ಆ ರೂಪ ಇದೆ. ಆದರೆ ಅದರಲ್ಲಿ ಬಲವಂತದ, ಅಪ್ಪಣೆ ಕೊಟ್ಟು ಮಾಡಿಸಿದ ವಾಸನೆ ಇದೆ. ದುಡ್ಡು ಕೊಟ್ಟು ಕಟ್ಟಿಸಿದ ಮಾಲೀಕರೂ ಸುಮ್ನೆ ‘ಇಎ ಒ ತತೆಮಶಿತ’ ಅಂತಾರೆ. ಕಟ್ಟಿಕೊಟ್ಟವರ ಉಪಕಾರ ನೆನೆಯಬೇಕಾದರೆ ‘ತತೆತೆ ಮೊರಾಇಮಶಿತ’, ಅಂದರೆ ‘ಕಟ್ಟಿಸಿಕೊಂಡೆವು’.

ಕಟ್ಟಿದ್ದು ಯಾರು ಅನ್ನುವ ಗೊಂದಲ ಜಪಾನೀಯರಿಗೇ ಒಂದು ಹಳೆಯ ತಮಾಷೆ. ‘ಒಸಾಕಾ ಕೋಟೆ ಕಟ್ಟಿದವರು ಯಾರು?’ ಅಂತ ಮಕ್ಕಳು ಕೇಳುತ್ತಾರೆ. ನೀವು ‘ತೊಯೊತೊಮಿ ಹಿದೆಯೊಶಿ’ ಅಂದರೆ ಸೋತಿರಿ. 1583ರಲ್ಲಿ ಕೆಲಸ ಶುರು ಮಾಡಿಸಿದ್ದು ಅವನೇ, ಇತಿಹಾಸದ ಪರೀಕ್ಷೆಯಲ್ಲಿ ಅದೇ ಸರಿ. ಮಕ್ಕಳ ಉತ್ತರ: ‘ದಾಇಕು ಸಾನ್’, ಬಡಗಿಗಳು! ಕನ್ನಡದಲ್ಲಿ ಕೇಳಿದರೆ ಈ ತಮಾಷೆ ಅರ್ಧಕ್ಕರ್ಧ ಸತ್ತುಹೋಗುತ್ತದೆ. ‘ಕಟ್ಟಿದ್ದು ಬಡಗಿ, ಕಟ್ಟಿಸಿದ್ದು ಹಿದೆಯೊಶಿ’ ಅಂತ ನಮ್ಮ ಮಕ್ಕಳು ಥಟ್ಟನೆ ಹೇಳಿಬಿಡುತ್ತಾರೆ.

ಕರ್ಮಣಿ ಪ್ರಯೋಗದಲ್ಲಿ (ಕಟ್ಟಲ್ಪಟ್ಟಿತು ಅನ್ನುವ ರೀತಿ) ಇನ್ನೊಂದು ಹಳ್ಳ ಇದೆ. ಸಾಮಾನ್ಯವಾಗಿ ‘ಅವರಿಂದ’ ಅನ್ನೋದಕ್ಕೆ ‘ನಿ’ ಸಾಕು. ಆದರೆ ಹೊಸದಾಗಿ ಏನಾದರೂ ಹುಟ್ಟಿಸುವ ಕ್ರಿಯೆಗಳಲ್ಲಿ, ಅಂದರೆ ಕಟ್ಟು, ಬರೆ, ಕಂಡುಹಿಡಿ ಇಂಥವುಗಳಲ್ಲಿ, ‘ನಿ ಯೊತ್ತೆ’ ಬೇಕು. ‘ಹೋರ್ಯೂಜಿ ವ ಶೋತೊಕು ತಾಇಶಿ ನಿ ಯೊತ್ತೆ ತತೆರರೆತ’: ಹೋರ್ಯೂಜಿ ದೇವಾಲಯ ರಾಜಕುಮಾರ ಶೋತೊಕುವಿನಿಂದ ಕಟ್ಟಲ್ಪಟ್ಟಿತು. 607ರಲ್ಲಿ ಸ್ಥಾಪನೆಯಾಯಿತು ಎನ್ನಲಾಗುವ ಈ ದೇವಾಲಯದಲ್ಲಿ ಜಗತ್ತಿನ ಅತಿ ಹಳೆಯ ಮರದ ಕಟ್ಟಡಗಳಿವೆ. ಕನ್ನಡದಲ್ಲಿ ‘ಕಟ್ಟಲ್ಪಟ್ಟಿತು’ ಕೃತಕ ಅನ್ನಿಸುತ್ತದೆ, ಅಲ್ವಾ? ಜಪಾನೀಸ್‌ನಲ್ಲಿ ‘ತತೆರರೆತ’ ಹಾಗಲ್ಲ. ಯಾವ ದೇವಸ್ಥಾನದ ಮುಂದಿನ ಫಲಕ ಓದಿದರೂ ಸಿಗುತ್ತದೆ. ಸಂಕೋಚ ಬೇಡ, ಬಳಸಿ.

ಹಂತ 6: ನಿಲ್ಲದ್ದಕ್ಕೆ ಬೇರೆ ಕ್ರಿಯಾಪದ

ಸೇತುವೆಯಿಂದ ಶುರು ಮಾಡೋಣ. ಸೇತುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ‘ಕಕೆರು’: ‘ಹಶಿ ಒ ಕಕೆರು’. ಗೋಡೆಗೆ ಪಟ ನೇತು ಹಾಕಲೂ, ಕುರ್ಚಿಯ ಬೆನ್ನಿಗೆ ಕೋಟು ಹಾಕಲೂ ಇದೇ ಪದ. 1998ರಲ್ಲಿ ತೆರೆದ ಅಕಾಶಿ ಕೈಕ್ಯೋ ಸೇತುವೆಯ ನಡುವಿನ ಅಂತರವೇ 1,991 ಮೀಟರ್. ಎರಡು ಗೋಪುರಗಳ ನಡುವೆ ತಂತಿಯಲ್ಲಿ ತೂಗುವ ಆ ಸೇತುವೆ ನೋಡಿದರೆ ‘ಕಕೆರು’ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ‘ತತೆರು’ ಹಾಕಿದರೆ ಬರೀ ವ್ಯಾಕರಣ ತಪ್ಪಲ್ಲ. ‘ಹಶಿ’ ಅಂದರೆ ಸೇತುವೆ. ಊಟದ ಕಡ್ಡಿಗೂ ‘ಹಶಿ’ ಅಂತಲೇ ಹೆಸರು, ಸ್ವರದ ಏರಿಳಿತ ಮಾತ್ರ ಬೇರೆ. ‘ಹಶಿ ಒ ತತೆರು’ ಅಂದರೆ ಕೇಳುವವರ ಕಣ್ಣ ಮುಂದೆ ಬರುವುದು ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದ ಕಡ್ಡಿಗಳು. ಸತ್ತವರ ಮುಂದೆ ಎಡೆ ಇಡುವಾಗ ಹಾಗೆ ನಿಲ್ಲಿಸುತ್ತಾರೆ. ಊಟದ ಮೇಜಿನಲ್ಲಿ ಅದು ದೊಡ್ಡ ಅಪಶಕುನ. ನಾನು ಕಲಿಯುವ ಕಾಲದಲ್ಲಿ ‘ನಮ್ಮೂರ ಹೊಳೆಗೆ ಸೇತುವೆ ಕಟ್ಟಿದರು’ ಅಂತ ಹೇಳಲು ಹೋಗಿ ಇದನ್ನೇ ಅಂದಿದ್ದೆ. ಟೀಚರ್ ನಗಲಿಲ್ಲ, ಅದೇ ಆಶ್ಚರ್ಯ.

ಉಳಿದವು ಬೇಗ ಮುಗಿಯುತ್ತವೆ. ರೈಲು ಹಳಿಗೆ ‘ಶಿಕು’, ಅಂದರೆ ಹಾಸು. ಚಾಪೆ ಹಾಸಿದ ಹಾಗೆ. ಡೇರೆಗೆ ‘ಹರು’, ಎಳೆದು ಬಿಗಿಯುವುದು. ಬಾವಿಗೆ ‘ಹೊರು’, ತೋಡು. ರಸ್ತೆ, ಕೆರೆ, ಹಕ್ಕಿಯ ಗೂಡು, ಕಟ್ಟುಕತೆ, ಸಂಘ: ಇವಕ್ಕೆ ‘ತ್ಸುಕುರು’, ಮಾಡು. ಅಣೆಕಟ್ಟಿಗೂ ತ್ಸುಕುರು ನಡೆಯುತ್ತದೆ, ಪತ್ರಿಕೆಯ ಭಾಷೆಯಲ್ಲಿ ‘ಕೆನ್ಸೆತ್ಸು ಸುರು’ (ನಿರ್ಮಾಣ ಮಾಡು) ಜಾಸ್ತಿ. ಬಿಡಿಭಾಗ ಜೋಡಿಸಿ ಮಾಡುವ ಮೇಜು, ಕಪಾಟಿಗೆ ‘ಕುಮಿತತೆರು’. ಇದರಲ್ಲಿ ತತೆರು ಬಾಲವಾಗಿ ಬಂದಿದೆ ನೋಡಿ. ಶೂ ಲೇಸಿಗೆ ‘ಮುಸುಬು’. ಏನೂ ಹೊಳೆಯದಿದ್ದರೆ ತ್ಸುಕುರು ಹಾಕಿ. ಅಷ್ಟು ಚಂದ ಇರಲ್ಲ, ಆದರೆ ಅರ್ಥ ಕೆಡಲ್ಲ.

ಕಿಝುಕು ಮಾತ್ರ ಸ್ವಲ್ಪ ನಿಂತು ನೋಡಬೇಕು. ಕಲ್ಲು, ಮಣ್ಣು ಪೇರಿಸಿ, ಬಡಿದು ಗಟ್ಟಿ ಮಾಡಿ ಎಬ್ಬಿಸುವುದಕ್ಕೆ ಇದು. ಕೋಟೆ, ಏರಿ, ಒಡ್ಡು. ‘ಶಿರೊ ಒ ಕಿಝುಕು’ ಅಂದರೆ ಕೋಟೆ ಕಟ್ಟು. ಅಲ್ಲಿಂದ ಮುಂದೆ, ವರ್ಷಗಟ್ಟಲೆ ಕೂಡಿಸಿ ಬೆಳೆಸಿದ್ದಕ್ಕೆಲ್ಲ ಇದೇ: ಆಸ್ತಿ, ನಂಬಿಕೆ, ಸಂಬಂಧ, ಹೆಸರು. ಕನ್ನಡದಲ್ಲಿ ‘ಬದುಕು ಕಟ್ಟಿಕೊಂಡರು’ ಅನ್ನುವ ಕಡೆ ಹೆಚ್ಚಾಗಿ ಕಿಝುಕು ಹೊಂದುತ್ತದೆ, ತತೆರು ಅಲ್ಲ. ಇದಕ್ಕೂ ಒಂದು ಅವಳಿ ಇದೆ: ‘ಗಮನಕ್ಕೆ ಬರು’ ಅನ್ನುವ ಅರ್ಥದ ಕಿಝುಕು. ಉಚ್ಚಾರದಲ್ಲಿ ಹತ್ತಿರ. ಹಿರಗಾನದಲ್ಲಿ ಮಾತ್ರ ಬೇರೆ: ಕಟ್ಟುವುದಕ್ಕೆ ‘ಸು’ ಅಕ್ಷರದ ಮೇಲೆ ಎರಡು ಗೀಟು, ಗಮನಕ್ಕೆ ಬರುವುದಕ್ಕೆ ‘ತ್ಸು’ ಅಕ್ಷರದ ಮೇಲೆ. ಟೈಪ್ ಮಾಡುವಾಗ ಇದನ್ನು ತಪ್ಪಿದರೆ ಬೇಕಾದ ಕಾಂಜಿ ಬರುವುದೇ ಇಲ್ಲ.

ಹಂತ 7: ಕಾಂಜಿ ಬರೆಯಿರಿ

ಕಟ್ಟಡದ ತತೆರುವಿನ ಕಾಂಜಿಗೆ 9 ಗೆರೆ. ಒಳಗಿನ ಲೇಖನಿಯಂಥ ಭಾಗ ಮೊದಲು (6 ಗೆರೆ), ಎಡದಿಂದ ಕೆಳಗೆ ಹರಿಯುವ ಬಾಲ ಆಮೇಲೆ (3 ಗೆರೆ). ಆ ಬಾಲದ ಮೇಲೆ ಚುಕ್ಕೆ ಇಲ್ಲ. ‘ದಾರಿ’ಯ ಕಾಂಜಿಯಲ್ಲಿರುವ ಚುಕ್ಕೆಯ ಬಾಲವನ್ನು ಇಲ್ಲಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಎಡಗಡೆ ‘ಮನುಷ್ಯ’ ಗುರುತು ಸೇರಿಸಿದಿರೋ, ಅದು ಆರೋಗ್ಯದ ಕಾಂಜಿ ಆಯಿತು.

ಸುಮ್ಮನೆ ‘ನಿಲ್ಲು’ ಅನ್ನುವ ಕಾಂಜಿ ಬೇರೆ, 5 ಗೆರೆಯದು. ಕಂಬ, ಬಾವುಟ, ಯೋಜನೆ (‘ಕೇಕಕು ಒ ತತೆರು’, ಪ್ಲಾನ್ ಹಾಕು) ಇವೆಲ್ಲಕ್ಕೂ ಅದೇ. ಸಿಟ್ಟಿಗೂ ಅದೇ: ‘ಹರ ಗ ತತ್ಸು’, ಹೊಟ್ಟೆ ಎದ್ದು ನಿಲ್ಲುತ್ತದೆ. ನಮಗೆ ಪಿತ್ತ ನೆತ್ತಿಗೇರುತ್ತದೆ, ಅವರಿಗೆ ಹೊಟ್ಟೆ. ಕಟ್ಟಡ, ಸ್ಮಾರಕ, ದೇಶಕ್ಕೆ 9 ಗೆರೆಯದು, ಉಳಿದ ಬಹುಪಾಲಿಗೆ 5 ಗೆರೆಯದು ಅಂತ ಇಟ್ಟುಕೊಳ್ಳಿ.

ಹಂತ 8: ಮನೆ ಹುಡುಕುವಾಗ ಬೇಕಾಗುವ ಪದಗಳು

ಜಪಾನಿನಲ್ಲಿ ಕೆಲಸ ಸಿಕ್ಕಿ ಹೋಗುವವರು ಇದನ್ನು ಗುರುತು ಹಾಕಿಕೊಳ್ಳಿ. ಕಟ್ಟಡ ಅಂದರೆ ‘ತತೆಮೊನೊ’. ‘ಮೊನೊ’ ಅಂದರೆ ವಸ್ತು. ಎರಡು ಮಹಡಿಯ ಮನೆ ‘ನಿಕಾಇದತೆ’. ‘ತತೆ’ ಇಲ್ಲಿ ‘ದತೆ’ ಯಾಕಾಯಿತು? ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆದ ಹಾಗೆ. ನಮ್ಮ ಆದೇಶ ಸಂಧಿಯಂಥದ್ದೇ ಅವರಲ್ಲೂ ಇದೆ. ಬಿಡಿ ಮನೆ ‘ಇಕ್ಕೊದತೆ’.

ಎಚ್ಚರಿಕೆ: ಅವರು ನೆಲದ ಮಟ್ಟವನ್ನೇ ಒಂದನೇ ಮಹಡಿ ಅಂತ ಎಣಿಸುತ್ತಾರೆ. ನಿಕಾಇದತೆ ಅಂದರೆ ನಮ್ಮ ಲೆಕ್ಕದಲ್ಲಿ ಗ್ರೌಂಡ್ ಪ್ಲಸ್ ಒನ್. ಬಾಡಿಗೆ ಮನೆ ‘ನಿಕಾಇ’ಯಲ್ಲಿದೆ ಅಂದರೆ ಒಂದೇ ಮೆಟ್ಟಿಲು ಸಾಲು ಹತ್ತಬೇಕು, ಎರಡಲ್ಲ.

ಜಾಹೀರಾತಿನಲ್ಲಿ ‘ಚಿಕು 15 ನೆನ್’ ಅಂತ ಇದ್ದರೆ ಕಟ್ಟಿ 15 ವರ್ಷ ಆಗಿದೆ ಅಂತ ಅರ್ಥ. ‘ಚಿಕು’ ಅಂದರೆ ಕಿಝುಕುವಿನ ಕಾಂಜಿಯ ಇನ್ನೊಂದು ಓದು. ಭೂಕಂಪ ತಡೆಯುವ ಕಟ್ಟಡ ನಿಯಮ 1981ರ ಜೂನ್‌ನಲ್ಲಿ ಬಿಗಿಯಾಯಿತು. ಅದಕ್ಕಿಂತ ಹಳೆಯದಾದರೆ ಬಾಡಿಗೆ ಕಡಿಮೆ ಅಂತ ಹಿಗ್ಗುವ ಮೊದಲು ಆಮೇಲೆ ಗಟ್ಟಿ ಮಾಡಿಸಿದ್ದಾರಾ ಅಂತ ಕೇಳಿ. ಜಾಗದ ಅಳತೆ ‘ತ್ಸುಬೊ’, ಒಂದಕ್ಕೆ ಸುಮಾರು 3.3 ಚದರ ಮೀಟರ್. ನಮ್ಮ ಮೂವತ್ತು ನಲವತ್ತರ ಸೈಟು ಹತ್ತಿರಹತ್ತಿರ 34 ತ್ಸುಬೊ.

ಹಂತ 9: ಕೈಯಾಡಿಸಿ ನೋಡಿ

ಉತ್ತರ ಮುಚ್ಚಿಕೊಂಡು ಇವನ್ನು ಜಪಾನೀಸ್‌ಗೆ ತನ್ನಿ. ಬರೀ ಕ್ರಿಯಾಪದ ಹೇಳಿದರೂ ಸಾಕು.

ಅಜ್ಜ ಈ ಮನೆ ಕಟ್ಟಿಸಿದರು. (ತತೆತ)
ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ. (ಕಕೆತೆ ಇರು)
ಗುಡ್ಡದ ಮೇಲೆ ದೇವಸ್ಥಾನ ಇದೆ. (ತತ್ತೆ ಇರು)
ಅವರು ಒಳ್ಳೇ ಹೆಸರು ಕಟ್ಟಿಕೊಂಡರು. (ಕಿಝುಇತ)
ಹಳೆ ಮನೆ ಕೆಡವಿ ಹೊಸದಾಗಿ ಕಟ್ಟಿದರು. (ತತೆಕಾಎತ)
ಫೀಸು ಕಟ್ಟಿದೆ. (ಹರತ್ತ)
ಪರ್ಸ್ ಮರೆತಿದ್ದೀನಿ, ನನ್ನ ಬದಲು ನೀವು ದುಡ್ಡು ಕಟ್ಟುತ್ತೀರಾ? (ತತೆಕಾಎತೆ ಕುರೆಮಸೆನ್ ಕ)

ಐದನೆಯದೂ ಕೊನೆಯದೂ ಒಂದೇ ‘ತತೆಕಾಎರು’ ಅಲ್ವಾ ಅಂತ ಕೇಳುತ್ತೀರಿ, ಗೊತ್ತು. ಕಿವಿಗೆ ಒಂದೇ, ಕಾಂಜಿ ಬೇರೆ. ಕೆಡವಿ ಕಟ್ಟುವುದಕ್ಕೆ 9 ಗೆರೆಯದು. ಇಸೆಯ ದೇವಾಲಯವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಎಬ್ಬಿಸುವುದು ಈ ತತೆಕಾಎರು. ಹಿಂದಿನ ಸಲ 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಬೇರೆಯವರ ಬದಲು ದುಡ್ಡು ಕೊಡುವುದಕ್ಕೆ 5 ಗೆರೆಯದು. ಹೋಟೆಲಿನ ಕೌಂಟರ್ ಮುಂದೆ ನಿಂತು ಗೆಳೆಯರಿಗೆ ಕೊನೆಯ ವಾಕ್ಯ ಹೇಳಿದರೆ ಯಾರೂ ನಿಮ್ಮ ಮನೆ ಕೆಡವಲು ಬರುವುದಿಲ್ಲ, ಬಿಲ್ ಕಟ್ಟುತ್ತಾರೆ.